ಬಟಾಣಿ ಮಾತು ಬಿಟ್ಟ ವಾರ

ಮೂರನೇ ಮಹಡಿಯ ಆ ಮನೆಯ ಬಾಗಿಲು ಹಾರುಹೊಡೆದುಕೊಂಡಿತ್ತು. ಅವಳು ಬೀಗ ರಿಪೇರಿಯ ಹತ್ಯಾರದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಕಾಲಿಟ್ಟಾಗ, ಮೊಣಕೈವರೆಗೂ ಬಿಳಿ ಪುಡಿ ಮೆತ್ತಿಕೊಂಡಿದ್ದ ಒಬ್ಬ ಗಂಡಸು ಬಚ್ಚಲುಮನೆಯ ಬಾಗಿಲಿಗೆ ಗುದ್ದಲು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದ್ದ.

"ಗುದ್ದಬೇಡಿ," ಎಂದಳು. "ಮಗು ಬಾಗಿಲ ಹಿಂದೆನೇ ನಿಂತಿದ್ರೆ?"

ಅವನು ಗಕ್ಕನೆ ನಿಂತ. ತಿರುಗಿ ನೋಡಿದ. ಆ ಕಣ್ಣುಗಳಲ್ಲಿದ್ದ ಭಯಕ್ಕೆ ಅವಳ ಎದೆ ಒಂದು ಕ್ಷಣ ಝಲ್ಲೆಂದಿತು... ಮಗು ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದೆಯೇನೋ ಎಂದುಕೊಂಡಳು.

ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಕೇಳಿತು. "ಅಜ್ಜೀ, ಬೀಗರು ಬಂದ್ರಾ?"

ಬಾಗಿಲ ಬಳಿ ಕೈ ಹಿಸುಕಿಕೊಳ್ಳುತ್ತಿದ್ದ ಅಜ್ಜಿಗೆ ಆ ಗಾಬರಿಯಲ್ಲೂ ನಗು ತಡೆಯಲಾಗಲಿಲ್ಲ. ಬೀಗ ತೆಗೆಯುವವರು ಬರುತ್ತಾರೆ ಎಂದು ಅವರು ಮೊಮ್ಮಗಳಿಗೆ ಧೈರ್ಯ ಹೇಳಿದ್ದರು. ಮೊಮ್ಮಗಳು ಅದನ್ನು ಚಿಕ್ಕದು ಮಾಡಿಕೊಂಡಿದ್ದಳು, ಅಷ್ಟೆ.

ಒಳಗೆ ಸಿಕ್ಕಿಕೊಂಡಿದ್ದವಳಿಗೆ ಐದೂವರೆ ವರ್ಷ. ಮನೆಯವರಿಗೂ ಮಹಡಿಯವರಿಗೂ ಅವಳು ಬಟಾಣಿ. ಬೆಳಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ಅವಳ ಕಣ್ಣು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು.

ಬೀಗ ತೆಗೆಯಲು ಬಂದವಳು ಮೊಣಕಾಲೂರಿ ಕೂತು, ಬೀಗದ ಗುಂಡು ಹಿಡಿಯನ್ನು ಪರೀಕ್ಷಿಸುತ್ತಾ, ಮಗುವನ್ನು ಮಾತಿಗೆಳೆದಳು. ಎಲ್ಲಿ ನಿಂತಿದ್ದೀಯಾ ಎಂದರೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಎಂಬ ಉತ್ತರ ಬಂತು. ಬೆನ್ನ ಹಿಂದೆ ಅವನ ಉಸಿರು ನಿಂತದ್ದು ಅವಳಿಗೆ ತಿಳಿಯಿತು. ಇಳಿದು ಮೂಲೆಯಲ್ಲಿ ಕೂರಲು ಹೇಳಿದಳು. ಬಾಗಿಲು ಯಾಕೆ ಹಾಕಿಕೊಂಡೆ ಎಂದು ಕೇಳಿದ್ದಕ್ಕೆ, ಹಲ್ಲು ಅಲ್ಲಾಡುತ್ತಿದೆ, ಕನ್ನಡಿಯಲ್ಲಿ ಒಬ್ಬಳೇ ನೋಡಬೇಕಿತ್ತು, ಅಪ್ಪನಿಗೆ ತೋರಿಸಿದರೆ ಎಲ್ಲರ ಹಲ್ಲಿನ ಹಾಗೆ ಅಳತೆ ತೆಗೆದುಕೊಳ್ಳುತ್ತಾನೆ ಎಂದು ಒಂದೇ ಉಸಿರಿಗೆ ವರದಿ ಬಂತು.

"ನಮ್ಮಪ್ಪ ಅಳ್ತಿದ್ದಾನಾ? ನೋಡಿ ಹೇಳಿ."

ಅವಳು ತಿರುಗಿ ನೋಡಿದಳು. ಅವನ ಕಣ್ಣು ತುಂಬಿತ್ತು.

"ಇಲ್ಲಪ್ಪ. ಆರಾಮಾಗಿ ನಿಂತಿದ್ದಾರೆ."

"ಹಾಗಾದ್ರೆ ಮೂಗು ಒರೆಸ್ಕೊಳ್ತಿರಬೇಕು."

ನಿಜಕ್ಕೂ ಅವನು ಮೂಗು ಒರೆಸಿಕೊಳ್ಳುತ್ತಿದ್ದ. ಮೂಗಿನ ತುದಿಗೆ ಬಿಳಿ ಪುಡಿ ಹತ್ತಿತ್ತು. ಅವಳಿಗೆ ನಗು ಉಕ್ಕಿಬಂತು. ತುಟಿ ಕಚ್ಚಿಕೊಂಡು, ಹಿಡಿಯ ಎರಡು ಸ್ಕ್ರೂ ಬಿಚ್ಚಿ, ಒಳಗೆ ತುಂಡಾಗಿದ್ದ ಕಡ್ಡಿಯನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಟಕ್ ಎಂದಿತು.

ಅವನು ಮಗಳನ್ನು ಬಾಚಿ ಎತ್ತಿಕೊಂಡ. ಅವಳ ಬೆನ್ನ ಮೇಲೆ ಐದು ಬಿಳಿ ಬೆರಳಿನ ಗುರುತು ಮೂಡಿತು. ಹಾಗೇ ಎತ್ತಿಕೊಂಡು ಒಳಕೋಣೆಗೆ ಹೋಗಿಬಿಟ್ಟ. ಒಂದು ಮಾತಿಲ್ಲ, ಒಂದು ನಗೆಯಿಲ್ಲ.

'ಥ್ಯಾಂಕ್ಸ್ ಅಂದ್ರೆ ಬಾಯಿ ಸವೆದು ಹೋಗುತ್ತಾ?' ಮೆಟ್ಟಿಲಿಳಿಯುತ್ತಾ ಅವಳು ಗೊಣಗಿಕೊಂಡಳು. 'ಎಂಥ ಬಿಗುಮಾನ...'

ಅವಳ ಅಂಗಡಿ ಔಷಧಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಸಿಕ್ಕಿಕೊಂಡಿತ್ತು. ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟೇ ಅಗಲ. ಗೋಡೆ ತುಂಬ ಮೊಳೆಗಳಲ್ಲಿ ನೇತಾಡುವ ಹಲ್ಲಿಲ್ಲದ ಕೀಗಳು, ಒಂದು ಕೀ ಕೊರೆಯುವ ಯಂತ್ರ, ಒಂದು ಸ್ಟೂಲು. ಒಳಗಡೆ ಕುರ್ಚಿಯಲ್ಲಿ ಅವಳ ತಂದೆ. ನಲವತ್ತು ವರ್ಷ ಬೀಗ ರಿಪೇರಿ ಮಾಡಿದ ಅವರ ಕೈ ಈಗ ನಡುಗುತ್ತಿತ್ತು. ಹಾಗಾಗಿ ಅಂಗಡಿಯ ಕೆಲಸವೆಲ್ಲ ಮೂವತ್ಮೂರು ವರ್ಷದ ಮಗಳದ್ದು, ಗಿರಾಕಿಗಳಿಗೆ ಬುದ್ಧಿ ಹೇಳುವ ಕೆಲಸ ಮಾತ್ರ ತಂದೆಯದ್ದು.

ಮಾರನೇ ದಿನ ಬಟಾಣಿ ಅಜ್ಜಿಯ ಕೈ ಹಿಡಿದು ಅಂಗಡಿಯೊಳಗೆ ಬಂದು ನಿಂತಳು.

"ಅಪ್ಪಂಗೆ ನಿನ್ನೆ ಥ್ಯಾಂಕ್ಸ್ ಹೇಳೋದು ಮರ್ತುಹೋಯ್ತಂತೆ. ಊಟ ಮಾಡುವಾಗ ಮೂರು ಸಲ ಅಂದ. ಅಯ್ಯೋ ಮರ್ತೆ, ಅಯ್ಯೋ ಮರ್ತೆ, ಅಯ್ಯೋ ಮರ್ತೆ. ಅದಕ್ಕೆ ನಾನು ಹೇಳೋಕೆ ಬಂದೆ."

ಅವಳ ಸಿಟ್ಟು ಅಲ್ಲೇ ಅರ್ಧ ಕರಗಿತು.

ಮೊದಲ ದಿನವೇ ಆ ಮನೆಯ ಚರಿತ್ರೆಯೆಲ್ಲ ಅವಳಿಗೆ ಸಿಕ್ಕಿತು, ಕೇಳದೆಯೇ. ಅಪ್ಪ ಮನೆಯಲ್ಲೇ ಕೂತು ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾನೆ. ಮೇಜಿನ ತುಂಬ ಬಿಳಿ ಪುಡಿ ಕಲಸಿ ಮಾಡಿದ ಬಾಯಿಗಳಿವೆ, ಒಂದೂ ಮಾತಾಡುವುದಿಲ್ಲ. ಅಪ್ಪನೂ ಅಷ್ಟೆ. ಅಮ್ಮ ಬೇರೆ ಊರಿನಲ್ಲಿದ್ದಾಳೆ, ಅವಳಿಗೆ ಹೊಸ ಮನೆಯಿದೆ, ಹೊಸ ಗಂಡನಿದ್ದಾನೆ, ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಅಜ್ಜಿಯ ಮಂಡಿ ಕಟಕಟ ಅನ್ನುತ್ತದೆ.

ಅಜ್ಜಿ ಸಂಕೋಚದಿಂದ ಮೊಮ್ಮಗಳ ಬಾಯಿ ಮುಚ್ಚಲು ನೋಡಿದರು. ಅವಳು ಬೇಡವೆಂದು ತಡೆದಳು. ದಿನವಿಡೀ ಯಂತ್ರದ ಕಿರುಚಾಟ ಕೇಳಿದ ಕಿವಿಗೆ ಅರಳು ಹುರಿದಂಥ ಆ ಮಾತು ಹಿತವಾಗಿತ್ತು.

ಅಜ್ಜಿಯ ಮಂಡಿನೋವಿನಿಂದಾಗಿ ಒಂದು ಏರ್ಪಾಡಾಯಿತು. ಶಾಲೆಯ ವ್ಯಾನು ಅಂಗಡಿಯೆದುರೇ ನಿಲ್ಲುತ್ತಿತ್ತು. ಬಟಾಣಿ ಅಲ್ಲಿ ಇಳಿದು ಅಂಗಡಿಯಲ್ಲಿ ಕೂರುವುದು, ನಾಲ್ಕು ಗಂಟೆಗೆ ಅಪ್ಪ ಬಂದು ಕರೆದುಕೊಂಡು ಹೋಗುವುದು. ಬೀಗರು ಎಂದು ಕರೆಯಬಾರದು ಎಂದು ಅಜ್ಜಿ ತಿದ್ದಿದ ಮೇಲೆ ಅವಳು ಬಟಾಣಿಗೆ ಬೀಗಕ್ಕ ಆದಳು.

ಅವನು ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದ. ತೋಳಿನ ಮಡಿಕೆಯಲ್ಲಿ ಬಿಳಿ ಪುಡಿ. ಒಂದು ನಮಸ್ಕಾರ, ಒಂದು ತಲೆಯಾಡಿಕೆ, ಮುಗಿಯಿತು. ಕ್ರಮೇಣ ನಾಲ್ಕಕ್ಕೆ ಹತ್ತು ನಿಮಿಷ ಮುಂಚೆ ಬರತೊಡಗಿದ. ಆಮೇಲೆ ಇಪ್ಪತ್ತು ನಿಮಿಷ. ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದ. ಒಂದು ದಿನ ಆಗತಾನೇ ಕೊರೆದ ಕೀಯೊಂದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿ, "ಇದರ ಅಂಚು ನಾನು ಉಜ್ಜಲಾ?" ಎಂದು ಕೇಳಿದ.

ಅವಳು ಉಜ್ಜುವ ಅರವನ್ನು ಕೊಟ್ಟಳು.

ಅವನ ಕೈ ನೋಡಿ ಅವಳು ಬೆರಗಾದಳು. ಕೂದಲೆಳೆಯಷ್ಟು ಉಜ್ಜುವುದು, ಬೆರಳ ತುದಿಯಲ್ಲಿ ಸವರಿ ನೋಡುವುದು, ಮತ್ತೆ ಕೂದಲೆಳೆಯಷ್ಟು. ಕೀ ಆಗಲಿ ಹಲ್ಲಾಗಲಿ, ಒಂದು ಎಳೆ ಹೆಚ್ಚಾದರೂ ಕೂರುವುದಿಲ್ಲ, ಕಡಿಮೆಯಾದರೂ ಕೂರುವುದಿಲ್ಲ ಎಂಬುದನ್ನು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳ ಕೆಲಸವನ್ನು ಅಷ್ಟು ಗೌರವದಿಂದ ಮುಟ್ಟಿದ ಇನ್ನೊಬ್ಬ ಗಂಡಸನ್ನು ಅವಳು ಕಂಡಿರಲಿಲ್ಲ.

ಎರಡು ಸಂಬಂಧಗಳು ಅವಳಿಗೆ ಕೂಡಿಬಂದಂತಾಗಿ ತಪ್ಪಿಹೋಗಿದ್ದವು. ಹೆಣ್ಣುಮಗಳು ಕಂಡವರ ಮನೆಗೆ ಹೋಗಿ ಬೀಗ ತೆಗೆಯುವುದೇ ಎಂದು ಮೊದಲನೆಯವರು ಹಿಂದೆಗೆದರು. ಅಂಗಡಿ ಮುಚ್ಚಿದರೆ ಮಾತ್ರ ಎಂದ ಎರಡನೆಯವನಿಗೆ ಅವಳೇ ಬೇಡವೆಂದಿದ್ದಳು. ಆಮೇಲೆ ಆ ವಿಷಯವನ್ನೇ ಮನಸ್ಸಿನಿಂದ ಗುಡಿಸಿಹಾಕಿದ್ದಳು... ಎಂದುಕೊಂಡಿದ್ದಳು.

ಒಂದು ಸಂಜೆ ಬಟಾಣಿ ಬಹಳ ಗಂಭೀರವಾಗಿ ಲೆಕ್ಕ ಹಾಕುತ್ತಿದ್ದಳು.

"ಬೀಗಕ್ಕ, ನೀವು ನಂಗೆ ಅಕ್ಕ ತಾನೆ?"

"ಹೌದು ಪುಟ್ಟ."

"ಹಾಗಾದ್ರೆ ನಮ್ಮಪ್ಪ ನಿಮಗೂ ಅಪ್ಪ ಆಗ್ಬೇಕಲ್ವಾ?"

ಅವನಿಗೆ ಕೆಮ್ಮು ಹತ್ತಿತು. ಅವಳು ಯಂತ್ರದ ಮೇಲೆ ಬಗ್ಗಿ ಇಲ್ಲದ ಧೂಳು ಊದಿದಳು. ಒಳಗೆ ಕೂತಿದ್ದ ತಂದೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಭರಕ್ಕೆ ಅವರ ಹಲ್ಲಿನ ಸೆಟ್ಟು ಜಾರಿ ಮಡಿಲಿಗೆ ಬಿತ್ತು.

ಅವನು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಖ ಕೆಂಪಾಯಿತು. ಇದನ್ನು ಮಾಡಿದವರು ಯಾರು, ವಯಸ್ಸಾದವರ ಬಾಯಿಗೆ ಹೀಗೂ ಮಾಡಿ ಕೊಡುತ್ತಾರೆಯೇ, ಇಷ್ಟು ದಿನ ಊಟ ಹೇಗೆ ಮಾಡಿದಿರಿ ಎಂದು ಒಂದರ ಮೇಲೊಂದು ಕೇಳಿದ. ಅಷ್ಟು ಮಾತನ್ನು ಅವನ ಬಾಯಲ್ಲಿ ಅವಳು ಅದೇ ಮೊದಲು ಕೇಳಿದ್ದು.

ಮರುದಿನವೇ ಬಂದು ಅಚ್ಚು ತೆಗೆದುಕೊಂಡು ಹೋದ. ಎಂಟು ದಿನಕ್ಕೆ ಹೊಸ ಸೆಟ್ಟು ತಂದ. ಮುದುಕರ ಎದುರು ಮೊಣಕಾಲೂರಿ ಕೂತು, ಹಾಕಿ ನೋಡಿ, ತೆಗೆದು ಒಂಚೂರು ಉಜ್ಜಿ, ಮತ್ತೆ ಹಾಕಿ, "ನೋವಾಗ್ತಿದ್ಯಾ? ಈಗ?" ಎಂದು ಮಗುವನ್ನು ಕೇಳುವ ಹಾಗೆ ಕೇಳಿದ. ಅವಳ ತಂದೆ ಎದ್ದು ಹೋಗಿ ಒಂದು ಸೇಬು ತಂದು, ಎಲ್ಲರ ಮುಂದೆ ಕರಕ್ಕನೆ ಕಚ್ಚಿದರು. ಕಣ್ಣಲ್ಲಿ ನೀರು ಬಂತು, ಸೇಬಿನ ರಸದಿಂದ ಎಂದರು.

ಅವಳು ಗೋಡೆಯ ಕಡೆ ತಿರುಗಿ ನಿಂತಳು. 'ಸಾಕು,' ಎಂದು ತನಗೆ ತಾನೇ ಹೇಳಿಕೊಂಡಳು. 'ಇನ್ನು ನನ್ನ ಕೈಲಿ ಆಗಲ್ಲ... ನಾನು ಬಿದ್ದಾಯ್ತು.'

ಒಂದು ಸಲ ಮಾತ್ರ ಅವನು ತನ್ನ ಬಗ್ಗೆ ಹೇಳಿಕೊಂಡ. ಬಟಾಣಿ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಳು. ಅವನು ಮಗಳ ಕೂದಲು ಸವರುತ್ತಾ, ಅವಳ ತಾಯಿ ಕೆಟ್ಟವಳಲ್ಲ ಎಂದ. ಈ ಮನೆಯಲ್ಲಿ ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಯಿತು ಎಂದು ಹೇಳಿ ಹೋದಳು, ಅವಳು ಹೇಳಿದ್ದು ನಿಜ ಎಂದ. ಅಷ್ಟೇ. ಬೀಗಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಟಾಣಿ ಎಚ್ಚರವಾಗಿ, ಕನಸಿನಲ್ಲಿ ತಾನು ಜಿರಾಫೆಗೆ ಹಲ್ಲು ಕಟ್ಟುತ್ತಿದ್ದೆ ಎಂದು ಶುರುಮಾಡಿದಳು.

ಆ ಮಾತು ಅವಳ ನಾಲಿಗೆಯಲ್ಲೇ ಉಳಿಯಿತು.

ಒಂದು ಸೋಮವಾರ ವ್ಯಾನಿನಿಂದ ಇಳಿದ ಬಟಾಣಿ ಚೀಲ ಕೆಳಗಿಡುವ ಮೊದಲೇ ಸುದ್ದಿ ಬಿಚ್ಚಿದಳು.

"ಬೀಗಕ್ಕ, ನಿನ್ನೆ ಅಜ್ಜಿ ಅಪ್ಪನ್ನ ಕೇಳಿದ್ರು. ಬೀಗಕ್ಕನ್ನ ಮದುವೆ ಮಾಡ್ಕೋತೀಯಾ ಅಂತ."

ಅವಳ ಕೈಯಲ್ಲಿದ್ದ ಕೀ ಯಂತ್ರದ ಬಾಯಲ್ಲೇ ನಿಂತಿತು. ಕಿವಿ ಬಿಸಿಯಾಯಿತು. ಕೇಳಬಾರದು ಎಂದುಕೊಂಡಳು... ಕೇಳಿದಳು.

"ಅಪ್ಪ ಏನಂದ್ರು?"

ಬಟಾಣಿ ಅಪ್ಪನ ಹಾಗೇ ನೆಲ ನೋಡುತ್ತಾ, ಅಪ್ಪನ ಹಾಗೇ ದನಿ ತಗ್ಗಿಸಿ ಒಪ್ಪಿಸಿದಳು. "'ಇಲ್ಲಮ್ಮ. ಆಗಲ್ಲ. ಇನ್ನೊಂದು ಸಲ ಈ ಮಾತು ಎತ್ತಬೇಡ.' ಆಮೇಲೆ ಅಜ್ಜಿ ನನ್ನ ನೋಡಿ, ಹೋಗಿ ಕನ್ನಡಕ ತಗೊಂಡು ಬಾ ಅಂದ್ರು. ಕನ್ನಡಕ ಅವರ ತಲೆ ಮೇಲೇ ಇತ್ತು."

ಬಟಾಣಿ ಇಲ್ಲದ್ದನ್ನು ಹೇಳುವವಳಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ದಿನ ಅವಳು ಒಂದೇ ಕೀಯನ್ನು ಮೂರು ಸಲ ತಪ್ಪು ಕೊರೆದಳು.

'ಕೇಳದೇನೇ ಬೇಡ ಅನ್ನಿಸ್ಕೊಂಡೆ,' ಎಂದುಕೊಂಡಳು. 'ಹಿಂದಿನವರು ನನ್ನ ಕೆಲಸ ಬೇಡ ಅಂದಿದ್ರು. ಇವರು ನನ್ನನ್ನೇ ಬೇಡ ಅಂದ್ರು...'

ನಾಲ್ಕು ಗಂಟೆಗೆ ಅವನು ಬಂದಾಗ ಅವಳು ತಲೆಯೆತ್ತಲಿಲ್ಲ. ನಾಳೆಯಿಂದ ಆ ಹೊತ್ತಿನಲ್ಲಿ ಹೊರಗಿನ ಕೆಲಸಗಳಿವೆ, ಮಗುವನ್ನು ಕೂರಿಸಿಕೊಳ್ಳಲು ಆಗುವುದಿಲ್ಲ ಎಂದಳು. ಯಾಕೆ ಎಂದು ಅವನು ಕೇಳಲಿ ಎಂದು ಮನಸ್ಸು ಹಂಬಲಿಸುತ್ತಿತ್ತು. ಒಂದೇ ಒಂದು ಸಲ ಕೇಳಲಿ...

ಅಷ್ಟರಲ್ಲಿ ಅವನು ಎಂದಿನಂತೆ ಅರವನ್ನು ಕೈಗೆತ್ತಿಕೊಂಡಿದ್ದ. ಅದನ್ನು ಮತ್ತೆ ಅದರ ಜಾಗದಲ್ಲಿಟ್ಟ.

"ಸರಿ," ಎಂದ.

ಮಗಳ ಕೈ ಹಿಡಿದು ಹೊರಟುಹೋದ. ಬಟಾಣಿ ಹಿಂದೆ ತಿರುಗಿ ತಿರುಗಿ ನೋಡುತ್ತಾ, ನಾನೇನು ಮಾಡಿದೆ ಎಂದು ಕೇಳುತ್ತಾ ಹೋದದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.

ಆ ಸಂಜೆ ಮನೆಯಲ್ಲಿ ಅಜ್ಜಿ ಮೊಮ್ಮಗಳನ್ನು ಕೂರಿಸಿಕೊಂಡು, ಅಂಗಡಿಯಲ್ಲಿ ಏನು ಹೇಳಿದೆ ಎಂದು ವಿಚಾರಿಸಿದರು. ಬಟಾಣಿ ಒಂದಕ್ಷರ ಬಿಡದೆ ಹೇಳಿದಳು. ಅಜ್ಜಿ ಹಣೆ ಚಚ್ಚಿಕೊಂಡರು. ಅವರಿಗೆ ಆ ಹುಡುಗಿ ಇಷ್ಟವಾಗಿದ್ದಳು. ಮಗನ ಮುಖದಲ್ಲಿ ವರ್ಷಗಳ ಮೇಲೆ ನಗು ಕಂಡಿದ್ದರು. ಎಲ್ಲ ಕೈತಪ್ಪಿತು ಎಂಬ ಸಂಕಟದಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟರು.

"ನಿನ್ನ ಬಾಯಿಂದಾನೇ ಎಲ್ಲಾ ಹಾಳಾಯ್ತು. ಮೊದಲು ಆ ಬಾಯಿಗೊಂದು ಬೀಗ ಹಾಕ್ಕೋ."

ಹೋಗಿ ಆ ಹುಡುಗಿಗೆ ಪೂರ್ತಿ ವಿಷಯ ತಿಳಿಸು ಎಂದು ಅಜ್ಜಿ ಮಗನಿಗೂ ಹೇಳಿ ನೋಡಿದರು. ಅವನು ಒಪ್ಪಲಿಲ್ಲ. ದೂರ ಇದ್ದರೆ ಅವರು ಸುಖವಾಗಿರುತ್ತಾರೆ, ನೀನೂ ಹೋಗಬೇಡ ಎಂದು ತಡೆದ.

ಮಾರನೇ ದಿನ ಬಟಾಣಿ ಮಾತಾಡಲಿಲ್ಲ.

ಮುನಿಸು, ಎರಡು ಗಂಟೆಯಲ್ಲಿ ಹೋಗುತ್ತದೆ ಎಂದುಕೊಂಡರು. ಸಂಜೆಯಾಯಿತು. ಬುಧವಾರವಾಯಿತು, ಗುರುವಾರವಾಯಿತು. ಊಟ ಮಾಡಿದಳು, ಶಾಲೆಗೆ ಹೋದಳು, ಹೋಮ್‌ವರ್ಕ್ ಬರೆದಳು. ಕೇಳಿದ್ದಕ್ಕೆ ತಲೆಯಾಡಿಸಿದಳು. ಅಜ್ಜಿ ಮುದ್ದು ಮಾಡಿದರು, ತಪ್ಪಾಯಿತು ಎಂದರು, ಕೊನೆಗೆ ಅತ್ತರು. ಬಟಾಣಿ ತನ್ನ ಫ್ರಾಕಿನ ತುದಿಯಿಂದ ಅಜ್ಜಿಯ ಕಣ್ಣು ಒರೆಸಿದಳೇ ಹೊರತು ಬಾಯಿ ಬಿಡಲಿಲ್ಲ. ಶಾಲೆಯಿಂದ ಚೀಟಿ ಬಂತು. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದರು.

ಶನಿವಾರ ಅವಳ ಪೆನ್ಸಿಲ್ ಡಬ್ಬಿಯಲ್ಲಿ ಅವನಿಗೆ ಒಂದು ಪುಟ್ಟ ಹಲ್ಲು ಸಿಕ್ಕಿತು. ಎರಡು ತಿಂಗಳಿಂದ ದಿನಕ್ಕೆ ಹತ್ತು ಸಲ ಇಷ್ಟು ಅಲ್ಲಾಡಿತು, ಅಷ್ಟು ಅಲ್ಲಾಡಿತು ಎಂದು ವರದಿ ಬರುತ್ತಿದ್ದ ಹಲ್ಲು. ಅದು ಬಿದ್ದಿತ್ತು. ಅವಳು ಯಾರಿಗೂ ಹೇಳಿರಲಿಲ್ಲ.

ಅವನು ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕೆಲಸದ ಮೇಜಿನ ಮುಂದೆ ಕೂತ. ಸುತ್ತಲೂ ಬಿಳಿ ಪ್ಲಾಸ್ಟರಿನ ಬಾಯಿಗಳು. ಮನೆ ನಿಶ್ಶಬ್ದವಾಗಿತ್ತು... ಅವನಿಗೆ ಜೀವಮಾನದಲ್ಲಿ ಮೊದಲ ಸಲ ನಿಶ್ಶಬ್ದಕ್ಕೆ ಹೆದರಿಕೆಯಾಯಿತು.

ಭಾನುವಾರ ಬಟಾಣಿಯ ತಾಯಿಯ ಫೋನು ಬಂತು. ಐದು ನಿಮಿಷ ಹೂಂ, ಊಹೂಂ ನಡೆಯಿತು. ಆಮೇಲೆ ತಾಯಿ ಅವನನ್ನು ಕರೆದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

"ಏನಾಗಿದೆ ಇವಳಿಗೆ? ಥೇಟ್ ನಿನ್ನ ಥರ ಆಗ್ತಿದ್ದಾಳೆ."

ಅವನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು.

ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ. ಅವಳು ಒಂದು ಹಳೆಯ ಪೆಟ್ಟಿಗೆಯ ಬೀಗದೊಡನೆ ಹೆಣಗುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಅವನು. ಒಂದು ವಾರದಲ್ಲಿ ಹತ್ತು ವರ್ಷ ದಾಟಿದವನ ಹಾಗೆ ಕಾಣುತ್ತಿದ್ದ.

ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಬಟಾಣಿ ಮಾತಾಡ್ತಿಲ್ಲ."

ಅವಳು ಇಕ್ಕಳ ಕೆಳಗಿಟ್ಟಳು. ಎಷ್ಟು ದಿನದಿಂದ ಎಂದು ಕೇಳಿದಳು. ಆರು ದಿನ ಎಂದ. ಅಷ್ಟು ಸಾಕಾಗಿತ್ತು. ಸ್ವಾಭಿಮಾನ, ಬೇಸರ, ವಾರವಿಡೀ ದಿಂಬಿಗೆ ಹೇಳಿಕೊಂಡ ದೂರು, ಒಂದೂ ನೆನಪಾಗಲಿಲ್ಲ. ಅಂಗಡಿ ನೋಡಿಕೊಳ್ಳಿ ಎಂದು ತಂದೆಗೆ ಹೇಳಿ, ಕೈಯ ಗ್ರೀಸನ್ನು ಸೀರೆಯ ಸೆರಗಿಗೇ ಒರೆಸಿಕೊಂಡು ಹೊರಟೇಬಿಟ್ಟಳು. ಅಜ್ಜಿ ಬೈದದ್ದು, ಡಾಕ್ಟರು ಹೇಳಿದ್ದು, ಹಲ್ಲು ಸಿಕ್ಕಿದ್ದು ಎಲ್ಲವನ್ನೂ ಅವನು ದಾರಿಯಲ್ಲಿ ತಡವರಿಸುತ್ತಾ ಹೇಳಿದ.

ಆ ದಿನ ಬಟಾಣಿಯನ್ನು ಶಾಲೆಗೆ ಕಳಿಸಿರಲಿಲ್ಲ. ಅವಳು ಅಪ್ಪನ ಕೆಲಸದ ಮೇಜಿನ ಕೆಳಗೆ, ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಬೀಗಕ್ಕನನ್ನು ಕಂಡು ಮುಖ ಅರಳಿತು. ಮರುಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

 ಬೀಗಕ್ಕ ಬಗ್ಗಿ, ತಲೆ ತಗಲಿಸಿಕೊಂಡು, ಮೇಜಿನ ಕೆಳಗೇ ತೆವಳಿ ಹೋಗಿ ಬಟಾಣಿಯ ಪಕ್ಕ ಕೂತಳು. ಏನನ್ನೂ ಕೇಳಲಿಲ್ಲ. ತನ್ನ ಒಂದು ವಾರದ ಸುದ್ದಿ ಹೇಳಿದಳು. ಒಬ್ಬ ಗಿರಾಕಿ ಬೀಗ ಬಿಟ್ಟು ಬರೀ ಕೀ ತಂದು ರಿಪೇರಿ ಮಾಡಿ ಅಂದದ್ದು, ತನ್ನ ಅಪ್ಪ ಸೇಬಿನ ಮೇಲೆ ಸೇಬು ತಿಂದು ಹೊಟ್ಟೆ ಕೆಡಿಸಿಕೊಂಡದ್ದು. ಬಟಾಣಿಯ ಭುಜ ನಗುವಿಗೆ ಕುಲುಕಿತು. ಕೈ ಮಾತ್ರ ಬಾಯಿಂದ ಸರಿಯಲಿಲ್ಲ.

"ನಂಗೆ ಅಂಗಡೀಲಿ ಹೊತ್ತೇ ಹೋಗಲ್ಲ ಕಣೇ," ಎಂದಳು ಅವಳು.

ಬಟಾಣಿ ಅವಳ ಕಿವಿಯ ಹತ್ತಿರ ಬಂದಳು. ಆರು ದಿನದ ಮೇಲೆ ಹೊರಟ ದನಿ ಒಣಗಿ ಒರಟಾಗಿತ್ತು.

"ನಾನು ಮಾತಾಡಿದ್ರೆ ಜನ ಹೋಗ್ಬಿಡ್ತಾರೆ."

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. 

"ಇಲ್ಲ ಪುಟ್ಟ. ನಾನು ಹೋಗಿದ್ದು ನಿನ್ನ ಮಾತಿಂದ ಅಲ್ಲ. ನಂಗೆ ಬೇಜಾರಾಗಿತ್ತು. ಬೇಜಾರಾಗಿದೆ ಅಂತ ನಿಮ್ಮಪ್ಪಂಗೆ ಹೇಳ್ಬೇಕಿತ್ತು. ಹೇಳೋಕೆ ಹೆದರಿ, ಹೊರಗೆ ಕೆಲಸ ಇದೆ ಅಂತ ಸುಳ್ಳು ಹೇಳಿದೆ. ನೀನು ನಿಜ ಹೇಳಿದೆ. ತಪ್ಪು ಯಾರದು?"

ಬಟಾಣಿ ಯೋಚಿಸಿದಳು. "ನಿಮ್ಮದು."

"ಹೂಂ. ನಂದೇ."

"ಅವರದಲ್ಲ," ಎಂದಿತು ಮೇಲಿನಿಂದ ಒಂದು ದನಿ. "ನಂದು."

ಅವನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಈಗ ಅವನೂ ಬಗ್ಗಿ ಮೇಜಿನ ಕೆಳಗೆ ನುಸುಳಿದ. ಅಷ್ಟು ಉದ್ದದ ಮನುಷ್ಯನಿಗೆ ಅಲ್ಲಿ ಜಾಗವಿರಲಿಲ್ಲ, ಕಾಲೆರಡೂ ಹೊರಗೇ ಉಳಿದವು. ಮಗಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ.

"ನೀನು ಕೇಳಿಸ್ಕೊಂಡಿದ್ದು ನಿಜ ಮಗಳೇ. ಆದ್ರೆ ಅರ್ಧ. ನೀನು ಕನ್ನಡಕ ತರೋಕೆ ಹೋದಾಗ ಅಜ್ಜಿ, ಯಾಕೆ, ಅವಳು ಇಷ್ಟ ಇಲ್ವಾ ಅಂತ ಕೇಳಿದ್ರು."

ಅವನು ನಿಲ್ಲಿಸಿದ. ಅವಳು ಅವನನ್ನು ನೋಡಲಿಲ್ಲ. ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ತೊಡೆಯ ಮೇಲಿದ್ದ ಬಟಾಣಿಗೂ ಕೇಳಿಸಿರಬೇಕು.

ಮುಂದಿನದನ್ನು ಅವನು ಮಗಳನ್ನು ಬಿಟ್ಟು ಅವಳಿಗೇ ಹೇಳಿದ. "ಇಷ್ಟ ಇಲ್ಲ ಅನ್ನಲಿಲ್ಲ ನಾನು. ತುಂಬಾ ಇಷ್ಟ, ಅದಕ್ಕೇ ಬೇಡ ಅಂದೆ. ಒಬ್ಬಳು ನನ್ನ ಮೌನ ತಡೀಲಾರದೆ ಹೋದಳು. ನೀವು ನಗ್ತಾ ನಗ್ತಾ ಇರೋರು. ನಿಮ್ಮನ್ನ ತಂದು ಇದೇ ಮನೇಲಿ ಕೂರಿಸಿ, ಒಂದು ದಿನ ನೀವೂ ಗೋಡೆ ನೋಡ್ಕೊಂಡು ಕೂರೋದನ್ನ ನೋಡೋಕೆ ನಂಗೆ ಧೈರ್ಯ ಇರಲಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ನನ್ನ ಒಂದು ಮಾತು ಕೇಳಿದ್ರಾ? ನಂಗೇನು ತಡೆಯೋಕಾಗುತ್ತೆ, ಏನು ತಡೆಯೋಕಾಗಲ್ಲ ಅಂತ ನೀವೇ ಕೂತು ತೀರ್ಮಾನ ಮಾಡಿಬಿಟ್ರಾ?"

"ತಪ್ಪಾಯ್ತು."

"ಒಂದು ವಾರ ನಾನು ಹೇಗಿದ್ದೆ ಅಂತ ಗೊತ್ತಾ ನಿಮಗೆ?"

"ನಾನು ಹೇಗಿದ್ದೆ ಅಂತ ಗೊತ್ತು. ಹಾಗೇ ಇದ್ದಿದ್ರೆ... ತುಂಬಾ ಕಷ್ಟಪಟ್ಟಿದ್ದೀರಿ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಮಾತು ಬಾರದ ಮನುಷ್ಯ ಎಂದು ಇವನಿಗೆ ಯಾರು ಹೇಳಿದರೋ. ಇವನಿಗೆ ಮಾತು ಬರುತ್ತಿತ್ತು, ಯಾರಾದರೂ ಬೈಯುತ್ತಾರೇನೋ ಎಂದು ಹೆದರಿ ಬಾಗಿಲ ಸಂದಿಯಲ್ಲಿ ನಿಂತ ಮಗುವಿನ ಹಾಗೆ ಅದು ಬರುತ್ತಿತ್ತು, ಅಷ್ಟೇ. ಕಾದರೆ ಬರುತ್ತದೆ. ಕಾಯುವುದು ಅವಳಿಗೆ ಹೊಸದೇನಲ್ಲ. ಒಂದು ಹಠಮಾರಿ ಬೀಗದ ಮುಂದೆ ಅವಳು ಅರ್ಧ ದಿನ ಕೂತದ್ದುಂಟು.

ಆದರೂ ಒಂದು ವಿಷಯ ಕೇಳಲೇಬೇಕಿತ್ತು.

"ನಾನು ಅಂಗಡಿ ಬಿಡಲ್ಲ."

ಅವನಿಗೆ ಅರ್ಥವೇ ಆಗಲಿಲ್ಲ. "ಅಂಗಡಿ ಯಾಕೆ ಬಿಡ್ತೀರಿ?" ಎಂದು ಕೇಳಿದ. ಆ ಪ್ರಶ್ನೆ ಎಷ್ಟು ನಿಜವಾಗಿತ್ತೆಂದರೆ, ಅವಳ ಮನಸ್ಸಿನಲ್ಲಿ ವರ್ಷಗಳಿಂದ ಹೂತಿದ್ದ ಒಂದು ಮುಳ್ಳು ನೋವಿಲ್ಲದೆ ಕಿತ್ತುಬಂತು.

ಇಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದ ಬಟಾಣಿಗೆ ಇನ್ನು ತಡೆಯಲಾಗಲಿಲ್ಲ.

"ಅಪ್ಪ, ನೀನು ಇನ್ನೂ ಕೇಳಲೇ ಇಲ್ಲ."

ಅವನ ಕಿವಿ ಕೆಂಪಾಯಿತು. "ನೀನೇ ಕೇಳು," ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿದ.

"ನಾನು ಕೇಳಲ್ಲ." ಬಟಾಣಿ ಕೈಕಟ್ಟಿದಳು. "ಯಾವಾಗ್ಲೂ ನಾನೇ ಹೇಳ್ಬೇಕು. ಥ್ಯಾಂಕ್ಸೂ ನಾನೇ ಹೇಳ್ಬೇಕು. ಇದು ದೊಡ್ಡ ವಿಷಯ, ನೀನೇ ಹೇಳು."

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಮೇಜಿನಿಂದಾಚೆ ಚಾಚಿದ್ದ ಮಗನ ಎರಡು ಕಾಲು ಮಾತ್ರ. ಒಂದು ಕಾಲಿನ ಹೆಬ್ಬೆರಳು ಅಂಜಿಕೆಯಿಂದ ಅಲ್ಲಾಡುತ್ತಿತ್ತು.

"ನನ್ನ ಜೊತೆ ಇರ್ತೀರಾ?" ಅವನು ಕೇಳಿದ. ಒಂದು ಉಸಿರು ತೆಗೆದುಕೊಂಡ. "ನಮ್ಮ ಜೊತೆ. ನಿಮ್ಮಪ್ಪನೂ ಬರಲಿ. ನಾನು ಕಲೀತೀನಿ. ಮಾತಾಡೋದು... ಕಲೀತೀನಿ."

ಅವಳು ತಲೆಯಾಡಿಸಿದಳು.

"ತಲೆ ಆಡಿಸಿದ್ರೆ ಆಗಲ್ಲ," ಎಂದಳು ಬಟಾಣಿ. "ನಾನು ವಾರವೆಲ್ಲಾ ಆಡಿಸಿದೆ. ಯಾರಿಗೂ ಏನೂ ಗೊತ್ತಾಗಲ್ಲ."

"ಇರ್ತೀನಿ," ಎಂದಳು ಅವಳು. ಮತ್ತೆ, ಅವನ ಕಣ್ಣನ್ನೇ ನೋಡುತ್ತಾ, "ಇರ್ತೀನಿ."

ಬಟಾಣಿ ಇಬ್ಬರ ನಡುವಿನಿಂದ ತೂರಿಕೊಂಡು ಹೊರಗೆ ಓಡಿದಳು. ಅಜ್ಜಿಗೆ ಕಂಡದ್ದೂ ಕೇಳಿದ್ದೂ ಮತ್ತೊಮ್ಮೆ ಮೊದಲಿಂದ ವರದಿಯಾಗತೊಡಗಿತು. ಹಲ್ಲು ಬಿದ್ದ ಕಥೆ, ಶಾಲೆಯ ಕಥೆ, ಡಾಕ್ಟರ ಬಾಯಿಯ ವಾಸನೆ, ಆರು ದಿನ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. ಮನೆ ತುಂಬಿಹೋಯಿತು.

ಮೇಜಿನ ಕೆಳಗೆ ಇಬ್ಬರೇ ಉಳಿದರು. ಏಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಅವನು ಅವಳ ಬೆರಳುಗಳನ್ನು ಹಿಡಿದುಕೊಂಡ. ಗ್ರೀಸು ಹತ್ತಿದ್ದ ಬೆರಳಿಗೆ ಬಿಳಿ ಪುಡಿಯೂ ಮೆತ್ತಿತು.

"ನಾಳೆ ಮೂರಕ್ಕೇ ಬರ್ತೀನಿ ಅಂಗಡಿಗೆ," ಎಂದ.

"ಬಂದು?"

"ಮಾತಾಡ್ತೀನಿ."

"ಏನು ಮಾತಾಡ್ತೀರಿ?"

"ಗೊತ್ತಿಲ್ಲ." ಅವನು ನಿಜಕ್ಕೂ ಚಿಂತೆಗೆ ಬಿದ್ದ. "ಯೋಚನೆ ಮಾಡ್ಕೊಂಡು ಬರ್ತೀನಿ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಯೋಚನೆ ಎಲ್ಲಾ ಮಾಡ್ಬೇಡಿ," ಎಂದಳು. "ಸುಮ್ನೆ ಬನ್ನಿ."